ಚಿನ್ನದ ಕ್ಯಾಟಲಿಸ್ಟ್‌ಗೆ ಪೆಲೆಟ್, ಡ್ರಿಫ್ಟ್ಸ್, ಎಟಿಆರ್: ಮೂರನ್ನೂ ಬಳಸಿ ನೋಡಿದ ಮೇಲೆ

ಮೈಸೂರಿನಲ್ಲಿ ಕೆಮಿಸ್ಟ್ರಿ ಪಿಎಚ್‌ಡಿಗೆ ಸೇರಿದವರು ಸಿಕ್ಕಾಗಲೆಲ್ಲ ಒಂದು ಪ್ರಶ್ನೆ ಬರುತ್ತದೆ. ಚಿನ್ನದ ಕ್ಯಾಟಲಿಸ್ಟ್‌ನ (ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿನ) ಐಆರ್, ಅಂದರೆ ಇನ್‌ಫ್ರಾರೆಡ್ ಸ್ಪೆಕ್ಟ್ರಮ್, ತೆಗೆಯಬೇಕು; ಪೆಲೆಟ್ (ಪುಡಿಯನ್ನು ಒತ್ತಿದ ಬಿಲ್ಲೆ, ಬೆಳಕು ಅದನ್ನು ದಾಟಿ ಬರುತ್ತದೆ) ಮಾಡಲಾ, ಡ್ರಿಫ್ಟ್ಸ್ (ಸಡಿಲ ಪುಡಿಯಿಂದ ಚದುರಿ ಬಂದ ಬೆಳಕನ್ನು ಹಿಡಿಯುವುದು) ಮಾಡಲಾ, ಎಟಿಆರ್ (ಕ್ರಿಸ್ಟಲ್‌ಗೆ ತಾಗಿಸಿಟ್ಟ ಸ್ಯಾಂಪಲನ್ನು ಕ್ರಿಸ್ಟಲ್ ಒಳಗಿನ ಬೆಳಕಿನಿಂದ ನೋಡುವುದು) ಸಾಕಾ? ಟೈಟಾನಿಯಾ (ಟೈಟಾನಿಯಂ ಡೈಆಕ್ಸೈಡ್) ಮೇಲೆ ಕೂರಿಸಿದ ಚಿನ್ನವನ್ನು ನಾನು ಮೂರರಲ್ಲೂ ಇಟ್ಟು ನೋಡಿದ್ದೇನೆ. ಚಿನ್ನ ಯಾವ ಸ್ಥಿತಿಯಲ್ಲಿದೆ ಅಂತ ತಿಳಿಯಬೇಕಾ? ತಣ್ಣಗೆ ಮಾಡಿದ ಪೆಲೆಟ್. ಅದು ಕೆಲಸ ಮಾಡುವಾಗ ಏನಾಗುತ್ತಿದೆ ಅಂತ ನೋಡಬೇಕಾ? ಡ್ರಿಫ್ಟ್ಸ್.

ಐಆರ್‌ಗೆ ಚಿನ್ನ ನೇರವಾಗಿ ಕಾಣುವುದಿಲ್ಲ. ಅದರ ಮೇಲೆ ಕೂತ ಕಾರ್ಬನ್ ಮೊನಾಕ್ಸೈಡ್ ಕಾಣುತ್ತದೆ. ಈ ಗ್ಯಾಸ್ ಸುಮ್ನೆ ತೇಲುತ್ತಿದ್ದಾಗ ಅದು ಬೆಳಕು ಹೀರುವ ಜಾಗದ ನಡುಬಿಂದು 2143 ಸೆಂ.ಮೀ⁻¹ (ಐಆರ್ ಬೆಳಕನ್ನು ಅಳೆಯುವ ಏಕಮಾನ; ಮುಂದೆ ಬರುವ ಪೀಕ್‌ಗಳ, ಅಂದರೆ ಬೆಳಕು ಹೀರಿದ ಕಡೆ ಏಳುವ ಗುಡ್ಡಗಳ, ಅಂಕಿಗಳೂ ಇದರಲ್ಲೇ). ಲೋಹ ರೂಪದ ಚಿನ್ನದ ಮೇಲೆ ಕೂತರೆ 2100ರಿಂದ 2120ರ ಆಸುಪಾಸು. ಧನ ಆವೇಶದ ಚಿನ್ನವಾದರೆ ಅದಕ್ಕಿಂತ ಮೇಲೆ, ಋಣ ಆವೇಶದ ಕಡೆ ವಾಲಿದ್ದರೆ 2100ಕ್ಕಿಂತ ಕೆಳಗೆ. ಟೈಟಾನಿಯಾದ ಮೇಲೇ ಕೂತದ್ದು ಸುಮಾರು 2180ರಲ್ಲಿ. 1987ರಲ್ಲಿ ಜಪಾನಿನ ಹರುಟಾ ತಂಡ, ಸಣ್ಣ ಚಿನ್ನದ ಕಣಗಳು ಸೊನ್ನೆ ಡಿಗ್ರಿಗಿಂತ ಕೆಳಗೂ ಕಾರ್ಬನ್ ಮೊನಾಕ್ಸೈಡನ್ನು ಸುಡುತ್ತವೆ ಎಂದು ತೋರಿಸಿತು. ಆ ಕೆಲಸ ಮಾಡುವ ಚಿನ್ನ ಯಾವುದು ಎಂಬ ವಾದವೆಲ್ಲ ಈ ಚಿಕ್ಕ ಜಾಗದ ಪೀಕ್‌ಗಳನ್ನೇ ನೆಚ್ಚಿಕೊಂಡಿದೆ.

ತೊಡಕು ಎಲ್ಲಿದೆ ಅಂದ್ರೆ, ಗ್ಯಾಸ್ ಒಂದೇ ಪೀಕ್ ಕೊಡುವುದಿಲ್ಲ. 2143ರ ಆಚೆ ಈಚೆ ಎರಡು ಗುಡ್ಡ ಏಳುತ್ತವೆ. ಅದರಲ್ಲಿ ಎಡವಟ್ಟಾದದ್ದು ಸರಿಯಾಗಿ ಚಿನ್ನದ ಜಾಗದಲ್ಲೇ, 2115ರ ಹತ್ತಿರ ಬಂದು ಕೂರುತ್ತದೆ. ಗ್ಯಾಸ್ ತೆಗೆದು ನೋಡೋಣ ಅಂದರೆ, ಕೋಣೆಯ ಬಿಸಿಯಲ್ಲಿ ಚಿನ್ನದ ಹಿಡಿತ ಸಡಿಲ. ತೇಲುವ ಗ್ಯಾಸಿನ ಜೊತೆ ಚಿನ್ನದ ಮೇಲೆ ಕೂತದ್ದೂ ಹೋಗಿಬಿಡುತ್ತದೆ.

ಪೆಲೆಟ್ ಗೆಲ್ಲುವುದು ಇಲ್ಲೇ. ಕೆಬಿಆರ್ (ಐಆರ್ ಬೆಳಕನ್ನು ಬಿಡುವ ಪೊಟ್ಯಾಸಿಯಂ ಬ್ರೋಮೈಡ್ ಉಪ್ಪು) ಬೆರೆಸದೆ ಬರೀ ಕ್ಯಾಟಲಿಸ್ಟನ್ನೇ 13 ಮಿ.ಮೀ. ಡೈನಲ್ಲಿ (ಅಚ್ಚಿನಲ್ಲಿ) ಒತ್ತಬೇಕು. ಚದರ ಸೆಂಟಿಮೀಟರಿಗೆ 10ರಿಂದ 20 ಮಿ.ಗ್ರಾಂ ಇದ್ದರೆ ಸಾಕು. ಹೊರಗೆ ಬರುವ ಬಿಲ್ಲೆ ತಿಳಿ ನೇರಳೆ ಬಣ್ಣದ್ದು, ಹಪ್ಪಳದ ಹಾಗೆ ತೆಳು. ಚಿಮಟಿಗೆಯಲ್ಲಿ ಅಂಚು ಹಿಡಿದು ಟ್ಯೂಬ್‌ಲೈಟಿಗೆ ಅಡ್ಡ ಇಟ್ಟರೆ ಬೆಳಕು ಮಸುಕಾಗಿ ದಾಟಬೇಕು. ಅದನ್ನು ವ್ಯಾಕ್ಯೂಮ್ ಸೆಲ್ಲಿನಲ್ಲಿಟ್ಟು, ದ್ರವ ನೈಟ್ರೋಜನ್ ಹಾಕಿ, ಗ್ಯಾಸನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು. (ಮಂಡ್ಯ ಕಡೆಯವರಿಗೆ ದ್ರವ ನೈಟ್ರೋಜನ್ ಹೊಸದಲ್ಲ. ಪಶು ಆಸ್ಪತ್ರೆಯಲ್ಲಿ ಹಸುಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿ ಇಡುವ ಕ್ಯಾನಿನಲ್ಲಿರುವುದೂ ಅದೇ.) ತಣ್ಣಗಾದಾಗ ಟೈಟಾನಿಯಾದ ಮೇಲೂ, ಅದರ ಮೇಲ್ಮೈಯ ಓಎಚ್ (ಆಕ್ಸಿಜನ್-ಹೈಡ್ರೋಜನ್) ಗುಂಪಿನ ಮೇಲೂ ಗ್ಯಾಸ್ ಕೂತು ಪೀಕ್ ಜಾಸ್ತಿಯಾಗುತ್ತವೆ. ಗಾಬರಿ ಬೇಡ. ನಿಧಾನವಾಗಿ ಪಂಪ್ ಮಾಡುತ್ತಾ ಹೋಗಿ. ಮೊದಲು ಓಎಚ್ ಮೇಲಿನದು ಕಳಚುತ್ತದೆ, ಆಮೇಲೆ ಟೈಟಾನಿಯಾದ್ದು. ಚಿನ್ನದ ಪೀಕ್ ಉಳಿದುಕೊಂಡು ನಿಲ್ಲುತ್ತದೆ. ಇಷ್ಟು ಸ್ಪಷ್ಟವಾಗಿ ಯಾವುದು ಯಾವುದೆಂದು ಬೇರೆ ಮಾಡಿ ಕೊಡುವುದು ಇನ್ನೆರಡು ವಿಧಾನಕ್ಕೆ ಆಗುವುದಿಲ್ಲ.

ಆದರೆ ಒತ್ತಿದ ಬಿಲ್ಲೆಯೊಳಗೆ ಗ್ಯಾಸ್ ನುಗ್ಗುವುದು ನಿಧಾನ. ಕ್ರಿಯೆ ನಡೆಯುವಾಗ ನೋಡಲು ಅದು ಸರಿಹೋಗಲ್ಲ. ಡ್ರಿಫ್ಟ್ಸ್‌ನಲ್ಲಿ ಪುಡಿಯನ್ನು ಹಾಗೇ ಬಟ್ಟಲಿಗೆ ತುಂಬುತ್ತೇವೆ, ಗ್ಯಾಸ್ ಅದರ ನಡುವೆಯೇ ಹರಿಯುತ್ತದೆ. ಆಕ್ಸಿಜನ್ ಬಿಟ್ಟೊಡನೆ 2349ರಲ್ಲಿ ಕಾರ್ಬನ್ ಡೈಆಕ್ಸೈಡ್ ಏಳುವುದು, 1200ರಿಂದ 1700ರ ನಡುವೆ ಕಾರ್ಬೋನೇಟ್‌ಗಳು ಬೆಳೆಯುವುದು ಕಣ್ಣೆದುರೇ ಕಾಣುತ್ತದೆ. ಕಾರ್ಬೋನೇಟ್ ದೊಡ್ಡದಾಗಿ ಕಂಡಿತೆಂದು ಅದೇ ಮುಖ್ಯ ಅಂದುಕೊಳ್ಳಬೇಡಿ. ಅದರಲ್ಲಿ ಬಹುಪಾಲು ಟೈಟಾನಿಯಾದ ಮೇಲೆ ಸುಮ್ನೆ ಕೂತಿರುತ್ತದೆ. ಪೀಕ್ ಎತ್ತರ ನೋಡಿ ಎರಡು ಸ್ಯಾಂಪಲ್ ಹೋಲಿಸುವಾಗಲೂ ಹುಷಾರು. ಪುಡಿಯ ಕಣದ ಗಾತ್ರ, ತುಂಬಿದ ರೀತಿ ಬದಲಾದರೆ ಎತ್ತರವೂ ಬದಲಾಗುತ್ತದೆ. ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ತೋರಿಸುವುದಕ್ಕಿಂತ ಪುಡಿಯ ಮೇಲ್ಮೈ ತಣ್ಣಗಿರುತ್ತದೆ ಎಂಬುದೂ ನೆನಪಿರಲಿ.

ಎಟಿಆರ್ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಬೆಳಕು ಒಂದೆರಡು ಮೈಕ್ರಾನ್ ಮಾತ್ರ ಒಳಗೆ ಹೋಗುತ್ತದೆ. ಪುಡಿಯನ್ನು ಎಟಿಆರ್‌ನ ಡೈಮಂಡ್ ಕ್ರಿಸ್ಟಲ್ ಮೇಲೆ ಒತ್ತಿ, ಶೇ. 1ರಷ್ಟು ಚಿನ್ನದ ಮೇಲೆ ಕೂತ ಗ್ಯಾಸನ್ನು ಹುಡುಕುವುದು ವ್ಯರ್ಥ. ದ್ರವದಲ್ಲಿ ಆಲ್ಕೋಹಾಲ್ ಆಕ್ಸಿಡೀಕರಣ ಮಾಡುವವರು ಕ್ಯಾಟಲಿಸ್ಟನ್ನು ಕ್ರಿಸ್ಟಲ್ ಮೇಲೆ ತೆಳುವಾಗಿ ಬಳಿದರೆ ಉಪಯೋಗವಿದೆ. ನೀರಿದ್ದರೆ 1640ರ ಗುಡ್ಡ ಅಡ್ಡ ಬರುತ್ತದೆ.

ಇನ್ನು ಸೆಲ್ಲಿಗೆ ಬೆಳಕು ಹೋಗಿಬರುವ ಕಿಟಕಿಯ ವಿಷಯ. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಕೆಬಿಆರ್ ಕಿಟಕಿ ಬೇಗ ಮಂಜಾಗುತ್ತದೆ. ಕ್ಯಾಲ್ಸಿಯಂ ಫ್ಲೋರೈಡ್ ಹಾಕಿ. ಅದು 1000ಕ್ಕಿಂತ ಕೆಳಗೆ ಬೆಳಕು ಬಿಡುವುದಿಲ್ಲ ನಿಜ, ಆದರೆ ಅಲ್ಲಿ ಹೇಗೂ ಟೈಟಾನಿಯಾವೇ ಎಲ್ಲವನ್ನೂ ನುಂಗುತ್ತದೆ, ಅಲ್ವಾ?

ಪೆಲೆಟ್‌ಗೆ ಬೇಕಾದ ವ್ಯಾಕ್ಯೂಮ್ ಸೆಲ್ ಎಲ್ಲ ಕಡೆ ಸಿಗಲ್ಲ. ಡ್ರಿಫ್ಟ್ಸ್ ಒಂದೇ ಸಿಕ್ಕರೆ ಶೇ. 1ರಷ್ಟು ಕಾರ್ಬನ್ ಮೊನಾಕ್ಸೈಡ್ ಇರುವ ಮಿಶ್ರಣ ತರಿಸಿಕೊಳ್ಳಿ, ತೇಲುವ ಗ್ಯಾಸಿನ ಗುಡ್ಡಗಳು ಚಿಕ್ಕದಾಗುತ್ತವೆ. ಮೊದಲು ಬಟ್ಟಲಿಗೆ ಬರೀ ಕೆಬಿಆರ್ ಪುಡಿ ತುಂಬಿ, ಅದೇ ಮಿಶ್ರಣ, ಅದೇ ಬಿಸಿಯಲ್ಲಿ ಒಂದು ಸ್ಪೆಕ್ಟ್ರಮ್ ತೆಗೆದಿಟ್ಟುಕೊಳ್ಳಿ. ಕ್ಯಾಟಲಿಸ್ಟ್‌ನದರಿಂದ ಅದನ್ನು ಕಳೆದ ಮೇಲೂ 2110ರಲ್ಲಿ ಏನಾದರೂ ಉಳಿದರೆ ಮಾತ್ರ ಅದನ್ನು ಚಿನ್ನ ಅನ್ನಿ.