ಬೋಟ್ ಟ್ರೇಲರ್ ಟೈರ್ ಹಾಳಾಗುವುದು ಓಡಿ ಅಲ್ಲ, ಚಳಿಗಾಲದಲ್ಲಿ ನಿಂತು

ಮಿನ್ನೆಸೋಟ, ವಿಸ್ಕಾನ್ಸಿನ್, ಮಿಶಿಗನ್ ಕಡೆ ಇದ್ದು ಬೋಟ್ ಇಟ್ಟುಕೊಂಡಿರುವ ಕನ್ನಡಿಗರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಕ್ಟೋಬರ್ ಬಂತು ಅಂದರೆ ಎಲ್ಲರೂ ಬೋಟ್ ಅನ್ನು ಕೆರೆಯಿಂದ ಎತ್ತುತ್ತಾರೆ. ಇಂಜಿನ್ ನೀರು ಖಾಲಿ ಮಾಡುತ್ತಾರೆ, ಪೆಟ್ರೋಲ್‌ಗೆ ಸ್ಟೆಬಿಲೈಸರ್ ಹಾಕುತ್ತಾರೆ, ಬ್ಯಾಟರಿ ಬಿಚ್ಚಿ ಮನೆಗೆ ತರುತ್ತಾರೆ, ಮೇಲೆ ಟಾರ್ಪಾಲ್ ಕಟ್ಟುತ್ತಾರೆ. ಕೆಳಗಿರುವ ಟೈರ್‌ಗಳನ್ನು ಮಾತ್ರ ಯಾರೂ ಬಗ್ಗಿ ನೋಡುವುದಿಲ್ಲ. ಅದರಿಂದಾಗಿ ಈ ಮೇ ತಿಂಗಳಲ್ಲಿ ನಮ್ಮ ಮನೆಯವರೆಲ್ಲ ಹೆದ್ದಾರಿ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ನಿಲ್ಲಬೇಕಾಯಿತು. ನಿಮಗೆ ಹಾಗೆ ಆಗಬಾರದು ಎಂದು ಬರೆಯುತ್ತಿದ್ದೇನೆ.

ನಮ್ಮದು 17 ಅಡಿಯ ಅಲ್ಯೂಮಿನಿಯಂ ಬೋಟ್, ಒಂದೇ ಆಕ್ಸಲ್‌ನ ಟ್ರೇಲರ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಮಾರಿದವರು ‘ಟೈರ್ ಹೊಸದಿದ್ದ ಹಾಗೇ ಇದೆ, ವರ್ಷಕ್ಕೆ ನಾಲ್ಕೈದು ಸಲ ಓಡಿದರೆ ಜಾಸ್ತಿ’ ಅಂದಿದ್ದರು. ನೋಡುವುದಕ್ಕೂ ಹಾಗೇ ಇತ್ತು, ಬಟನ್ (ನೆಲಕ್ಕೆ ತಾಗುವ ಮೇಲಿನ ಉಬ್ಬುಗಳು) ಒಂಚೂರೂ ಸವೆದಿರಲಿಲ್ಲ. ನಾವಿರುವ ಟೌನ್‌ಹೋಮ್‌ನಲ್ಲಿ ಬೋಟ್ ನಿಲ್ಲಿಸಲು ಅಸೋಸಿಯೇಷನ್‌ನವರು ಬಿಡುವುದಿಲ್ಲ. ಹಾಗಾಗಿ ಚಳಿಗಾಲಕ್ಕೆ ಊರಾಚೆಯ ಒಂದು ಸ್ಟೋರೇಜ್ ಯಾರ್ಡ್‌ನಲ್ಲಿ ಬಿಟ್ಟೆವು. ಬರೀ ಜಾಗದ ಬಾಡಿಗೆ ಅಲ್ಲ. ಟ್ರೇಲರ್ ಅನ್ನು ಸ್ಟ್ಯಾಂಡ್ ಮೇಲೆ ಎತ್ತಿಡುತ್ತೇವೆ, ಟೈರ್‌ಗೆ ಕವರ್ ಹಾಕುತ್ತೇವೆ, ಏಪ್ರಿಲ್‌ನಲ್ಲಿ ಎಲ್ಲ ಚೆಕ್ ಮಾಡಿ ಕೊಡುತ್ತೇವೆ ಎಂದು ಅದಕ್ಕೆಂದೇ ಜಾಸ್ತಿ ದುಡ್ಡು ತೆಗೆದುಕೊಂಡರು.

ಏಪ್ರಿಲ್ ಕೊನೆಗೆ ಹೋದಾಗ ಹಿಮ ಕರಗಿ ಯಾರ್ಡ್ ಎಲ್ಲ ಕೆಸರು. ಸ್ಟ್ಯಾಂಡ್ ಎಲ್ಲೂ ಇಲ್ಲ. ಎಡಗಡೆ ಗಾಲಿ ರಿಮ್‌ವರೆಗೆ ಹೂತುಹೋಗಿತ್ತು. ಟೈರ್ ಕವರ್ ಒಂದು ಹರಿದು ಬೇಲಿಗೆ ಸಿಕ್ಕಿಕೊಂಡಿತ್ತು, ಇನ್ನೊಂದು ಪತ್ತೆಯೇ ಇಲ್ಲ. ಬೋಟ್ ಮೇಲಿನ ಟಾರ್ಪಾಲ್ ನಡುವೆ ಜೋತುಬಿದ್ದು ಅದರಲ್ಲಿ ನೀರು ನಿಂತಿತ್ತು. ಅಂದರೆ ಚಳಿಗಾಲ ಪೂರ್ತಿ ಬೋಟ್, ಇಂಜಿನ್, ಅದರ ಮೇಲೆ ಬಿದ್ದ ಹಿಮ, ಅಷ್ಟೂ ಭಾರ ಹೊತ್ತುಕೊಂಡು ಆ ಎರಡು ಟೈರ್ ಒಂದೇ ಕಡೆ ನಿಂತಿದ್ದವು. ಟೈರ್ ಪಕ್ಕೆಯಲ್ಲಿ ಸಣ್ಣ ಸಣ್ಣ ಬಿರುಕು ಕಂಡು ಅಲ್ಲಿದ್ದವನನ್ನು ಕೇಳಿದೆ. ‘ಟ್ರೇಲರ್ ಟೈರ್ ಅಂದ್ಮೇಲೆ ಇದೆಲ್ಲ ಇದ್ದದ್ದೇ, ಬಟನ್ ನೋಡಿ ಹೇಗಿದೆ’ ಅಂತ ಗಾಳಿ ತುಂಬಿಸಿ ಕಳಿಸಿದ.

ವಾಲ್‌ಐ ಮೀನಿನ ಸೀಸನ್ ಶುರುವಾಗುವ ವಾರಾಂತ್ಯ. ಮಿನ್ನೆಸೋಟದ 169ನೇ ಹೆದ್ದಾರಿಯಲ್ಲಿ ಮಿಲ್ ಲ್ಯಾಕ್ಸ್ ಕೆರೆ ಕಡೆಗೆ ಹೊರಟಿದ್ದೆವು. ಪ್ರಿನ್ಸ್‌ಟನ್ ದಾಟಿ ಮಿಲಾಕಾ ಹತ್ತಿರ ಬರುವಾಗ ಹಿಂದಿನಿಂದ ಪಟಪಟ ಎಂದು ಸದ್ದು. ಕನ್ನಡಿಯಲ್ಲಿ ನೋಡುವಷ್ಟರಲ್ಲಿ ಢಂ ಅಂತು. ಒಂದೇ ಆಕ್ಸಲ್ ಇರುವ ಟ್ರೇಲರ್‌ನಲ್ಲಿ ಒಂದು ಟೈರ್ ಹೋದರೆ ಆ ಪಕ್ಕ ಪೂರ್ತಿ ಕುಸಿಯುತ್ತದೆ. ಇಡೀ ಟ್ರೇಲರ್ ಎಡಕ್ಕೆ ಎಳೆಯಿತು. ಕಾರಿನ ಹಿಂಭಾಗವನ್ನೂ ಅಲ್ಲಾಡಿಸಿತು. ಗಟ್ಟಿ ಬ್ರೇಕ್ ಹಾಕದೆ, ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು ನಿಧಾನಕ್ಕೆ ಪಕ್ಕಕ್ಕೆ ತಂದೆ. ಹಿಂದಿನ ಸೀಟಿನಲ್ಲಿದ್ದ ಮಕ್ಕಳು ಉಸಿರೇ ಬಿಡಲಿಲ್ಲ.

ಇಳಿದು ನೋಡಿದರೆ ಟೈರ್‌ನ ಮೇಲಿನ ಪಟ್ಟಿ ಪೂರ್ತಿ ಕಿತ್ತುಬಂದು, ಒಳಗಿನ ಉಕ್ಕಿನ ತಂತಿ ಕೂದಲಿನ ಹಾಗೆ ನೆಟ್ಟಗೆ ನಿಂತಿತ್ತು. ಕಿತ್ತ ಪಟ್ಟಿ ತಿರುಗಿ ತಿರುಗಿ ಹೊಡೆದು ಮಡ್‌ಗಾರ್ಡ್ ಹರಿದಿತ್ತು, ಬ್ರೇಕ್ ಲೈಟಿನ ವೈರ್ ಕತ್ತರಿಸಿತ್ತು. ಕಿತ್ತುಬಿದ್ದ ರಬ್ಬರ್ ತುಂಡಿನಲ್ಲಿ ಬಟನ್ ಮಾತ್ರ ಹೊಸದರಂತೆಯೇ ಇತ್ತು! ಸ್ಟೆಪ್ನಿ ಇದೆಯಲ್ಲ ಎಂದು ಹೋದರೆ ಅದರ ಪಕ್ಕೆಯಲ್ಲಿ ಉಗುರು ಹೋಗುವಷ್ಟು ಬಿರುಕು. ವರ್ಷಾನುಗಟ್ಟಲೆ ಟ್ರೇಲರ್ ಮುಂದೆ ಬಿಸಿಲಲ್ಲಿ ನೇತಾಡಿದ್ದ ಟೈರ್ ಅದು. ಒಡೆದದ್ದು ಎಡಗಡೆಯದು, ಅಂದರೆ ಇಲ್ಲಿ ಲಾರಿಗಳು ಓಡುವ ಕಡೆ. ಅಲ್ಲಿ ಕೂತು ಗಾಲಿ ಬಿಚ್ಚುವುದಕ್ಕೆ ನನ್ನ ಹೆಂಡತಿ ಖಂಡಿತ ಬೇಡ ಅಂದಳು, ಸರಿಯಾಗೇ ಹೇಳಿದಳು. ರೋಡ್‌ಸೈಡ್ ಸಹಾಯಕ್ಕೆ ಫೋನ್ ಮಾಡಿದರೆ ನಮ್ಮ ಪ್ಲಾನ್‌ನಲ್ಲಿ ಕಾರು ಮಾತ್ರ, ಟ್ರೇಲರ್ ಇಲ್ಲ ಎಂದರು. ನಿಮ್ಮದರಲ್ಲಿ ಇದೆಯಾ ಇಲ್ಲವಾ ಇವತ್ತೇ ನೋಡಿಕೊಳ್ಳಿ.

ಕೊನೆಗೆ ಬಂದ ಟೈರ್ ಅಂಗಡಿಯ ಮೆಕ್ಯಾನಿಕ್ ಮೊದಲು ಮಾಡಿದ ಕೆಲಸ, ಟಾರ್ಚ್ ಹಿಡಿದು ಟ್ರೇಲರ್ ಕೆಳಗೆ ತೂರಿ ಟೈರ್‌ನ ಒಳಪಕ್ಕೆ ನೋಡಿದ್ದು. ಡಿ.ಓ.ಟಿ. (ಅಮೆರಿಕದ ಸಾರಿಗೆ ಇಲಾಖೆಯ ಗುರುತು) ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ 2214 ಎಂದಿತ್ತು. ಅಂದರೆ 2014ರ 22ನೇ ವಾರ ತಯಾರಾದ ಟೈರ್. ಪೂರ್ತಿ ಕೋಡ್ ಒಂದು ಪಕ್ಕೆಯಲ್ಲಿ ಇದ್ದರೆ ಸಾಕು. ಫಿಟ್ ಮಾಡಿದವರು ಆ ಪಕ್ಕೆಯನ್ನು ಒಳಗೆ ತಿರುಗಿಸಿದರೆ ಹೊರಗೆ ನಿಂತು ಎಷ್ಟು ನೋಡಿದರೂ ತಾರೀಖು ಕಾಣುವುದಿಲ್ಲ. ಸೆಕೆಂಡ್ ಹ್ಯಾಂಡ್ ಬೋಟ್ ಕೊಳ್ಳುವವರು ಕೆಳಗೆ ಮಲಗಿಯಾದರೂ ಈ ನಾಲ್ಕು ಅಂಕಿ ಓದಲೇಬೇಕು. ಟ್ರೇಲರ್ ಟೈರ್ ಅನ್ನು 5–6 ವರ್ಷಕ್ಕೆ ಬದಲಾಯಿಸಿ ಎನ್ನುವುದು ಇಲ್ಲಿ ಟ್ರೇಲರ್ ಕೆಲಸ ಬಲ್ಲವರೆಲ್ಲ ಹೇಳುವ ಮಾತು. ಬಟನ್ ಎಷ್ಟಿದೆ ಎನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಓಡದ ಟೈರ್ ಯಾಕೆ ಹಾಳಾಗುತ್ತದೆ ಅಂತ ನನಗೂ ಅನಿಸಿತ್ತು. ಆ ಮೆಕ್ಯಾನಿಕ್ ವಿವರಿಸಿದ ಮೇಲೆ ಅರ್ಥವಾಯಿತು. ರಬ್ಬರ್‌ನಲ್ಲಿ ಒಂದು ಬಗೆಯ ಮೇಣ ಬೆರೆಸಿರುತ್ತಾರೆ. ಗಾಲಿ ತಿರುಗುವಾಗ ಟೈರ್ ಬಾಗುತ್ತಾ ಬಾಗುತ್ತಾ ಆ ಮೇಣ ಮೇಲಕ್ಕೆ ಬರುತ್ತದೆ, ಗಾಳಿಯಲ್ಲಿರುವ ಓಝೋನ್ ರಬ್ಬರ್ ಅನ್ನು ತಿನ್ನದ ಹಾಗೆ ಕಾಯುತ್ತದೆ. ತಿಂಗಳುಗಟ್ಟಲೆ ನಿಂತ ಟೈರ್‌ನಲ್ಲಿ ಮೇಣ ಅಷ್ಟಾಗಿ ಮೇಲೆ ಬರುವುದಿಲ್ಲ. ಬಿಸಿಲು ಒಂದು ಕಡೆ, ಓಝೋನ್ ಒಂದು ಕಡೆ ಸೇರಿ ರಬ್ಬರ್ ಒಣಗಿ ಸೀಳುತ್ತದೆ. ಸಾಲದ್ದಕ್ಕೆ ಗಾಳಿಯೂ ಇಳಿಯುತ್ತದೆ. 10 ಡಿಗ್ರಿ ಫ್ಯಾರನ್‌ಹೀಟ್ ಚಳಿ ಹೆಚ್ಚಿದರೆ ಟೈರ್ ಗಾಳಿಯ ಒತ್ತಡ ಸುಮಾರು 1 ಪಿ.ಎಸ್.ಐ. (ಒತ್ತಡ ಅಳೆಯುವ ಮಾನ) ಕಡಿಮೆ. ಸೆಪ್ಟೆಂಬರ್‌ನ 80 ಡಿಗ್ರಿಯಲ್ಲಿ 50 ತುಂಬಿಸಿದ ಟೈರ್, ಜನವರಿಯಲ್ಲಿ ಮೈನಸ್ 20ಕ್ಕೆ ಹೋದಾಗ 40 ಹತ್ತಿರ ಬಂದಿರುತ್ತದೆ. ಎಲ್ಲೂ ಸೋರದಿದ್ದರೂ ಅಷ್ಟು. ಗಾಳಿ ಕಡಿಮೆಯಾದ ಟೈರ್ ಭಾರ ಹೊತ್ತು ಒಂದೇ ಕಡೆ ಕೂತರೆ ಪಕ್ಕೆ ಉಬ್ಬಿ, ಇದ್ದ ಬಿರುಕು ಇನ್ನೂ ಬಾಯಿ ಬಿಡುತ್ತದೆ. ಊರಿನಲ್ಲಿ ಅಪ್ಪ ಅಮ್ಮನ ಮನೆಯಲ್ಲಿ ಕಾರು ನಿಲ್ಲಿಸಿ ಬಂದವರೂ ಗಮನಿಸಿ. ಅಲ್ಲಿ ಹಿಮ ಇಲ್ಲ, ಆದರೆ ಬಿಸಿಲು ಇದೆ, ನಿಂತೇ ಇರುವುದೂ ಅದೇ.

ಈಗ ನಾವು ಮಾಡುತ್ತಿರುವುದನ್ನು ಹೇಳುತ್ತೇನೆ. ಮುಖ್ಯವಾದದ್ದು ಭಾರ ಇಳಿಸುವುದು. ಟ್ರೇಲರ್ ಉರುಳದ ಹಾಗೆ ಗಾಲಿಗೆ ಅಡ್ಡ ಚಕ್ಕೆ ಕೊಟ್ಟು, ಆಕ್ಸಲ್‌ಗೆ ಹತ್ತಿರ ಫ್ರೇಮ್ ಕೆಳಗೆ ಎರಡೂ ಪಕ್ಕ ಜಾಕ್ ಸ್ಟ್ಯಾಂಡ್ ಇಡಬೇಕು. ಆಕ್ಸಲ್ ನಟ್ಟನಡುವೆ ಜಾಕ್ ಕೊಟ್ಟರೆ ಅದು ಬಾಗುತ್ತದೆ, ಬೇಡ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕುವುದಂತೂ ಬೇಡವೇ ಬೇಡ. ಮಣ್ಣಿನ ನೆಲ ಆದರೆ ಸ್ಟ್ಯಾಂಡ್ ಕೆಳಗೆ ದಪ್ಪ ಹಲಗೆ ಹಾಕಿ, ಇಲ್ಲದಿದ್ದರೆ ಹಿಮ ಕರಗಿದಾಗ ವಾಲುತ್ತದೆ. ಬೋಟ್‌ನ ಮೂತಿ ಸ್ವಲ್ಪ ಎತ್ತರಕ್ಕೇ ಇರಲಿ, ಡ್ರೇನ್ ಪ್ಲಗ್ (ಒಳಗಿನ ನೀರು ಹೊರಹೋಗುವ ತೂತಿನ ಬಿರಡೆ) ತೆಗೆದಿಡಿ. ಮಿನ್ನೆಸೋಟದಲ್ಲಿ ರಸ್ತೆಯ ಮೇಲೆ ಬೋಟ್ ಒಯ್ಯುವಾಗ ಪ್ಲಗ್ ತೆಗೆದಿರಬೇಕು ಎಂಬ ಕಾನೂನೇ ಇದೆ. ಚಳಿಗಾಲದಲ್ಲೂ ಅದನ್ನು ತೆಗೆದೇ ಇಟ್ಟರೆ ಒಳಗೆ ನೀರು ನಿಂತು ಭಾರವಾಗುವುದೂ ತಪ್ಪುತ್ತದೆ.

ಗ್ಯಾರೇಜ್ ಇರುವವರಿಗೆ ಎಲ್ಲಕ್ಕಿಂತ ಒಳ್ಳೆಯದು ಗಾಲಿಗಳನ್ನೇ ಬಿಚ್ಚಿ ತರುವುದು. ಬರೀ ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ತಂಪಾದ ಕತ್ತಲೆ ಮೂಲೆಯಲ್ಲಿ ಇಡಿ. ಬ್ಯಾಟರಿ ಚಾರ್ಜರ್, ಮೋಟರ್, ವೆಲ್ಡಿಂಗ್ ಮೆಷಿನ್ ಪಕ್ಕ ಇಡಬೇಡಿ, ಅವುಗಳಿಂದ ಓಝೋನ್ ಹುಟ್ಟುತ್ತದೆ. ಫಳಫಳ ಹೊಳೆಯಲಿ ಎಂದು ಪೆಟ್ರೋಲಿಯಂ ಬೆರೆತ ಟೈರ್ ಪಾಲಿಶ್ ಹಚ್ಚುವವರಿದ್ದಾರೆ. ಅದು ಆ ಕಾಪಾಡುವ ಮೇಣವನ್ನೇ ತೆಗೆದುಬಿಡುತ್ತದೆ. ಗಾಲಿ ಬಿಚ್ಚಿದಾಗಲೇ ಬೇರಿಂಗ್ ನೋಡಿಸಿಬಿಡಿ. ಬಿಸಿಯಾದ ಹಬ್ (ಬೇರಿಂಗ್ ಇರುವ ಗಾಲಿಯ ನಡುಭಾಗ) ಕೆರೆಯ ತಣ್ಣೀರಿಗೆ ಇಳಿದಾಗ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆ ನೀರು ಚಳಿಗಾಲ ಪೂರ್ತಿ ಒಳಗೇ ಇದ್ದರೆ ತುಕ್ಕು ಹಿಡಿಯುತ್ತದೆ.

ಬಿಚ್ಚಲಾಗದವರು ಟೈರ್ ಕೆಳಗೆ ಪ್ಲೈವುಡ್ ಹಾಕಿ. ತುಂಡು ದೊಡ್ಡದಿರಲಿ, ಟೈರ್‌ನ ಅಂಚು ಹೊರಗೆ ಜೋತರೆ ಅಲ್ಲೇ ಒತ್ತಿ ಒಳಗೆ ಹಾಳಾಗುತ್ತದೆ. ಟೈರ್ ಪಕ್ಕೆಯಲ್ಲಿ ಬರೆದಿರುವ ಗರಿಷ್ಠ ಪ್ರೆಶರ್‌ವರೆಗೆ ಗಾಳಿ ತುಂಬಿಸಿ. ಬೆಳಕು ಹಾಯದ, ತಿಳಿ ಬಣ್ಣದ ಕವರ್ ಕಟ್ಟಿ. ಸ್ಟೆಪ್ನಿಗೂ ಕವರ್ ಬೇಕು, ಅದನ್ನು ಮರೆಯಬೇಡಿ. ಬೋಟ್ ಮೇಲಿನ ಹಿಮವನ್ನು ಆಗಾಗ ಕೆಡವಿ.

ಮೇ ತಿಂಗಳಲ್ಲಿ ಹೊರಡುವ ಮೊದಲು ಬೆಳಕು ಚೆನ್ನಾಗಿರುವಾಗ ಎರಡೂ ಪಕ್ಕೆ ಕೈಯಾಡಿಸಿ ನೋಡಿ. ಉಬ್ಬು ಸಿಕ್ಕರೆ, ಬಿರುಕಿನಲ್ಲಿ ಉಗುರು ಸಿಕ್ಕಿಕೊಂಡರೆ, ಒಳಗಿನ ದಾರ ಕಂಡರೆ ಆ ಟೈರ್ ಮೇಲೆ ಗಾಡಿ ಎಳೆಯಲೇಬೇಡಿ. ಹೊಸದು ಹಾಕಿಸುವಾಗ ಎಸ್.ಟಿ. (ಸ್ಪೆಷಲ್ ಟ್ರೇಲರ್) ಎಂದು ಗುರುತಿರುವ ಟ್ರೇಲರ್ ಟೈರನ್ನೇ ಕೇಳಿ, ಲೋಡ್ ರೇಂಜ್ (ಎಷ್ಟು ಭಾರ ಹೊರುತ್ತದೆ ಎಂಬ ದರ್ಜೆ) ಹಳೆಯದಕ್ಕಿಂತ ಕಡಿಮೆ ಇರಬಾರದು, ಎಷ್ಟು ವೇಗದವರೆಗೆ ಎಂದು ಕೇಳಿಕೊಳ್ಳಿ. ವೇಗದ ಗುರುತು ಇಲ್ಲದ ಎಸ್.ಟಿ. ಟೈರ್‌ಗಳು ಸಾಮಾನ್ಯವಾಗಿ ಗಂಟೆಗೆ 65 ಮೈಲಿಗೆ ಮಾತ್ರ. ಅಂಗಡಿಯಲ್ಲೇ ಎರಡು ಮೂರು ವರ್ಷ ಕೂತ ಟೈರ್ ಕೊಟ್ಟರೆ ಬೇಡ ಅನ್ನಿ. ಕಾರಿನ ಸ್ಪ್ಯಾನರ್ ಟ್ರೇಲರ್ ನಟ್‌ಗೆ ಕೂರುತ್ತದಾ ಎಂದು ಮನೆಯಲ್ಲೇ ಪರೀಕ್ಷಿಸಿ. ಹೊಸ ಗಾಲಿ ಹಾಕಿದ ಮೇಲೆ ಐವತ್ತು ಮೈಲಿಯೊಳಗೆ ನಿಲ್ಲಿಸಿ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ.

ಯಾರ್ಡ್‌ನವರು ದುಡ್ಡು ವಾಪಸ್ ಕೊಡಲಿಲ್ಲ. ಮಡ್‌ಗಾರ್ಡ್, ವೈರಿಂಗ್, ಮೂರು ಹೊಸ ಟೈರ್, ಎಲ್ಲ ನಮ್ಮ ಕೈಯಿಂದಲೇ ಹೋಯಿತು. ಹಿಮ ತೆಗೆಯುವಾಗ ಟ್ರೇಲರ್‌ಗಳನ್ನು ಆಚೆ ಈಚೆ ಸರಿಸಬೇಕಾಗುತ್ತದೆ, ಅದಕ್ಕೆ ಸ್ಟ್ಯಾಂಡ್ ತೆಗೆದೆವು ಅಂದರು. ಇಂಥ ಎಷ್ಟೋ ಯಾರ್ಡ್‌ಗಳಲ್ಲಿ ಗಾಡಿ ಸರಿಸುವ ಹಾಗೇ ಇರಬೇಕು ಎಂಬ ನಿಯಮವೂ ಇರುತ್ತದೆ. ಹಾಗಿದ್ದರೆ ದುಡ್ಡು ತೆಗೆದುಕೊಳ್ಳುವಾಗಲೇ ಹೇಳಬೇಕಿತ್ತು ಅಲ್ವಾ? ನಿಮ್ಮ ಯಾರ್ಡ್‌ನವರು ಏನು ಮಾಡುತ್ತೇವೆ ಎಂದು ಬಾಯಲ್ಲಿ ಹೇಳುತ್ತಾರೋ ಅದನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಬಿಟ್ಟು ಬರುವಾಗ ಟೈರ್, ನೆಲ, ಸ್ಟ್ಯಾಂಡ್ ಎಲ್ಲದರ ಫೋಟೋ ತೆಗೆದುಕೊಳ್ಳಿ. ಮುಂಗಡ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: ಜನವರಿಯಲ್ಲಿ ಒಂದು ದಿನ ಬಂದು ನನ್ನ ಟ್ರೇಲರ್ ನೋಡಬಹುದಾ? ಆಗುವುದಿಲ್ಲ ಅಂದರೆ ಅಲ್ಲಿ ಬಿಡಬೇಡಿ.