ಒಂದೇ ಹುಳಿ, ನಾಲ್ಕು ಪಾತ್ರೆ

ಹುಳಿಗೆ ಯಾವ ಪಾತ್ರೆ ಒಳ್ಳೆಯದು ಅನ್ನುವ ಮಾತು ನಮ್ಮ ಮನೆಯಲ್ಲಿ ಮುಗಿಯುವುದೇ ಇಲ್ಲ. ಅತ್ತೆಗೆ ಕಲಾಯಿ ಹಾಕಿದ ಹಿತ್ತಾಳೆಯೇ ಆಗಬೇಕು. ನನಗೆ ಸ್ಟೀಲ್ ರೂಢಿ. ನೋಡೇ ಬಿಡೋಣ ಅಂತ ನಾಲ್ಕು ಭಾನುವಾರ ನುಗ್ಗೆಕಾಯಿ ಹುಳಿಯನ್ನೇ ಮಾಡಿದೆ. ಅದೇ ತೊಗರಿಬೇಳೆ, ಅದೇ ಹುಳಿಪುಡಿ, ನಿಂಬೆಹಣ್ಣಿನ ಗಾತ್ರದ ಹುಣಸೆ. ಬದಲಾದದ್ದು ಪಾತ್ರೆ ಮಾತ್ರ.

ಮೊದಲು ಅಲ್ಯೂಮಿನಿಯಂ. ಆರೇ ನಿಮಿಷಕ್ಕೆ ಕುದಿ ಬಂತು. ಹಗುರ, ಅಗ್ಗ, ಶಾಖವೂ ಎಲ್ಲ ಕಡೆ ಸಮನಾಗಿ ಹರಡುತ್ತದೆ. ಆದರೆ ತೊಳೆಯುವಾಗ ಕಂಡದ್ದು ನನಗೆ ಸರಿಬರಲಿಲ್ಲ. ದಿನಾ ನೀರು ಕಾಯಿಸಿ ಕಪ್ಪಾಗಿದ್ದ ಪಾತ್ರೆ, ಹುಳಿ ಎಲ್ಲಿವರೆಗೆ ಇತ್ತೋ ಅಲ್ಲಿವರೆಗೆ ಬೆಳ್ಳಗೆ ಹೊಳೆಯುತ್ತಿತ್ತು. ಮೇಲೆ ಮಾತ್ರ ಹಳೆಯ ಕಪ್ಪು, ನಡುವೆ ನೀಟಾಗಿ ಗೆರೆ ಎಳೆದ ಹಾಗೆ. ಹುಣಸೆಯ ಹುಳಿ ಮೇಲಿನ ಪದರವನ್ನು ಕರಗಿಸಿತ್ತು. ಕರಗಿದ್ದು ಎಲ್ಲಿಗೆ ಹೋಯಿತು? ನಮ್ಮ ಊಟದ ತಟ್ಟೆಗೇ ಅಲ್ವಾ! ಹುಣಸೆ, ಟೊಮೆಟೊ, ಮಜ್ಜಿಗೆಗೆ ಇನ್ನು ಆ ಪಾತ್ರೆ ಬೇಡ ಅಂತ ಅವತ್ತೇ ತೀರ್ಮಾನಿಸಿದೆ.

ಸ್ಟೀಲ್ ಬಗ್ಗೆ ಹೇಳುವುದು ಕಡಿಮೆ. ಹುಳಿಗೆ ಏನೂ ಆಗುವುದಿಲ್ಲ, ರುಚಿ ಕೆಡುವುದಿಲ್ಲ. ಒಂದೇ ತೊಂದರೆ, ಅದು ಶಾಖವನ್ನು ಹರಡುವುದು ತೀರಾ ನಿಧಾನ. ತೆಳು ತಳದ ಪಾತ್ರೆಯಲ್ಲಿ ಉರಿ ತಾಗುವ ಜಾಗದಲ್ಲೇ ಬೇಳೆ ಹಿಡಿಯಿತು. ಸ್ಟೀಲ್ ನಡುವೆ ಅಲ್ಯೂಮಿನಿಯಂ ಸೇರಿಸಿದ ದಪ್ಪ ತಳದ್ದು ತೆಗೆದುಕೊಂಡರೆ ಆ ಕಾಟವಿಲ್ಲ.

ಕಲಾಯಿ ಹಿತ್ತಾಳೆಯ ಹುಳಿ ನಿಜಕ್ಕೂ ಚೆನ್ನಾಗಿತ್ತು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಬರಿ ಹಿತ್ತಾಳೆಗೆ ಹುಳಿ ತಾಗಿದರೆ ಕಿಲುಬು. ಅದಕ್ಕೇ ಒಳಗೆ ತವರದ ಲೇಪ. ಕಲಾಯಿಯವರು ಪಾತ್ರೆ ಕಾಯಿಸಿ, ನವಸಾಗರ ಅನ್ನುವ ಉಪ್ಪಿನ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಒಂದು ಸಲ ಒರೆಸುತ್ತಾರೆ. ಬಿಳಿ ಹೊಗೆಯೊಳಗೆ ಹಳದಿ ಪಾತ್ರೆ ಕಣ್ಣೆದುರೇ ಬೆಳ್ಳಿಯಾಗುತ್ತದೆ. ಎಷ್ಟು ಸಲ ನೋಡಿದರೂ ಸಾಲದು ನನಗೆ. ಆದರೆ ತವರ 232 ಡಿಗ್ರಿಗೇ ಕರಗುತ್ತದೆ. ಖಾಲಿ ಪಾತ್ರೆ ಒಲೆಯ ಮೇಲಿಟ್ಟು ನಾನು ಫೋನಿಗೆ ಹೋದೆ. ಬಂದು ನೋಡಿದರೆ ಲೇಪ ಮಣಿಮಣಿಯಾಗಿ ತಳಕ್ಕೆ ಇಳಿದಿತ್ತು. ಅತ್ತೆಯ ಪಾತ್ರೆ ಅದು, ತುಂಬಾ ಬೇಜಾರಾಯಿತು. ಮತ್ತೆ ಕಲಾಯಿ ಮಾಡಿಸಿದೆವು. ಮಾಡಿಸುವಾಗ ಶುದ್ಧ ತವರವೇ ಅಂತ ಕೇಳಿಕೊಳ್ಳಿ, ಸೀಸ ಬೆರೆತದ್ದು ಖಂಡಿತ ಬೇಡ.

ಕೊನೆಗೆ ಕಲ್ಚಟ್ಟಿ. ನಮ್ಮಜ್ಜಿ ಕಲ್ಲು ಮರಿಗೆ ಅನ್ನುತ್ತಿದ್ದರು. ಬಳಪದ ಕಲ್ಲಿನದು. ಬೇಲೂರು, ಹಳೇಬೀಡಿನ ಶಿಲ್ಪಿಗಳು ಸರದ ಮಣಿ, ಬೆರಳಿನ ಉಂಗುರವನ್ನೂ ಬಿಡದೆ ಕೆತ್ತಿದ್ದು ಇದೇ ಜಾತಿಯ ಮೆದು ಕಲ್ಲಿನಲ್ಲಿ. ಇದಕ್ಕೆ ತಾಳ್ಮೆ ಬೇಕು. ಕುದಿ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಆದರೆ ಒಲೆ ಆರಿಸಿದ ಮೇಲೂ ಐದು ನಿಮಿಷ ಗುಳುಗುಳು ಕುದಿಯುತ್ತಲೇ ಇತ್ತು. ಇಂಗಿನ ಒಗ್ಗರಣೆ ಆಗಲೇ ಹಾಕಿದೆ. ಎರಡು ಗಂಟೆ ಬಿಟ್ಟು ಊಟಕ್ಕೆ ಕೂತರೂ ಹುಳಿ ಬಿಸಿಯಾಗಿತ್ತು. ಹುಣಸೆಯ ಚೂಪು ಇಳಿದು, ಬೇಳೆಯ ರುಚಿ ಮೇಲೆ ಬಂದಿತ್ತು. ಅತ್ತೆ ಏನೂ ಹೇಳಲಿಲ್ಲ, ಎರಡನೇ ಸಲ ಅನ್ನಕ್ಕೆ ಹುಳಿಯನ್ನೇ ಹಾಕಿಸಿಕೊಂಡರು.

ನನ್ನ ಆಯ್ಕೆ ಕಲ್ಚಟ್ಟಿ. ಅವಸರದ ಬೆಳಿಗ್ಗೆಗೆ ದಪ್ಪ ತಳದ ಸ್ಟೀಲ್. ಹೊಸ ಕಲ್ಚಟ್ಟಿ ತಂದರೆ ನೇರ ಒಲೆಗೆ ಇಡಬೇಡಿ, ಸೀಳುತ್ತದೆ. ಹರಳೆಣ್ಣೆ, ಅರಿಶಿನ ಸವರಿ ಬಿಸಿಲಲ್ಲಿಡಿ. ಆಮೇಲೆ ಒಂದು ವಾರ ದಿನಾ ಬಿಸಿ ಗಂಜಿ ಹಾಕಿಡಿ. ಬೂದು ಬಣ್ಣ ಹೋಗಿ ಕಪ್ಪಗೆ ಮಿರುಗತೊಡಗಿದ ಮೇಲೆ, ಸಣ್ಣ ಉರಿಯಲ್ಲಿ ಶುರು ಮಾಡಿ.