ಕಾಫಿ ಗೋಡೌನಿನಲ್ಲಿ ಗ್ಯಾರೇಜ್ ರಾಕ್: ಒಂದು ಮೈಕೋ, ನಾಲ್ಕು ಮೈಕೋ, ಬಿಡಿ ಟ್ರ್ಯಾಕೋ?

ಅಮೆರಿಕದ ರಾಕ್ ತಂಡ ದಿ ಸ್ಟೂಜಸ್‌ನ ‘ಫನ್ ಹೌಸ್’ (1970) ಆಲ್ಬಮ್ಮನ್ನು ವಿಮರ್ಶಕರು ಇಂದಿಗೂ ಕೊಂಡಾಡುವುದು ಅದರ ಹಸಿ ಕಸುವಿಗಾಗಿ. ನಿರ್ಮಾಪಕ ಡಾನ್ ಗಲೂಚಿ ಲಾಸ್ ಏಂಜಲೀಸ್ ಸ್ಟುಡಿಯೋದಲ್ಲಿ ವಾದ್ಯಗಳ ನಡುವಿನ ಅಡ್ಡತಡಿಕೆ ತೆಗೆಸಿ, ಗಾಯಕ ಇಗ್ಗಿ ಪಾಪ್ ಕೈಗೆ ಮೈಕ್ ಕೊಟ್ಟು, ಎಲ್ಲರನ್ನೂ ಒಟ್ಟಿಗೇ ನುಡಿಸಲು ಬಿಟ್ಟರು. ಅಂಥ ಗ್ಯಾರೇಜ್ ರಾಕ್ (ನಯಗೊಳಿಸದ, ಒರಟು ರಾಕ್) ಸದ್ದಿಗಾಗಿ ವಿರಾಜಪೇಟೆ ಕಡೆಯ ತೋಟದ ಗೋಡೌನಿನಲ್ಲಿ ಧ್ವನಿಮುದ್ರಣದ ಮೂರು ಬಗೆ ಹೋಲಿಸಿದ್ದೇವೆ.

ಬಿಡಿ ಟ್ರ್ಯಾಕು ಮೊದಲೇ ಸೋತಿತು. ಕ್ಲಿಕ್ (ತಾಳ ಹಿಡಿಸುವ ಟಿಕ್‌ಟಿಕ್ ಸದ್ದು) ಹಾಕಿಕೊಂಡು ಒಬ್ಬೊಬ್ಬರೇ ನುಡಿಸಿದರೆ ತಪ್ಪು ತಿದ್ದುವುದು ಸುಲಭ, ಆದರೆ ಕೋರಸ್ ಬಂದಾಗ ತಂಡ ತಾನಾಗಿ ಓಡುವ ಆ ವೇಗ ಸತ್ತುಹೋಗುತ್ತದೆ.

ಒಂದೇ ಮೈಕಿಗೆ ಧೈರ್ಯ ಕೊಡುವವರು ಅಮೆರಿಕದ ಗ್ಯಾರೇಜ್ ರಾಕ್ ತಂಡ ದಿ ಸೋನಿಕ್ಸ್. 1965ರ ಅವರ ಮೊದಲ ಆಲ್ಬಮ್ಮಿನಲ್ಲಿ ಇಡೀ ಡ್ರಮ್ ಸೆಟ್ಟಿಗೆ ಇದ್ದದ್ದು ಒಂದೇ ಮೈಕ್. ನಾವು ಇಡೀ ತಂಡಕ್ಕೇ ಒಂದಿಟ್ಟೆವು: ಕಿಕ್ ಡ್ರಮ್ಮಿನ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಮುಂದೆ, ಸುಮಾರು 4 ಅಡಿ ಎತ್ತರ, ಮುಖ ಸ್ನೇರ್ (ಚಟಚಟ ಎನ್ನುವ ಚಿಕ್ಕ ಡ್ರಮ್) ಕಡೆಗೆ. ಸಿಂಬಲ್ (ಡ್ರಮ್ ಸೆಟ್ಟಿನ ಲೋಹದ ತಟ್ಟೆ) ಎಲ್ಲವನ್ನೂ ನುಂಗಿದರೆ ಮೈಕನ್ನು ಕೆಳಗಿಳಿಸಿ. ಗಿಟಾರ್ ಕಡಿಮೆಯಾದರೆ ಅದರ ಆಂಪನ್ನೇ (ಸದ್ದು ಹೆಚ್ಚಿಸುವ ಸ್ಪೀಕರ್ ಪೆಟ್ಟಿಗೆ) ಹತ್ತಿರ ಎಳೆಯಿರಿ. ಸದ್ದು ನಿಜಕ್ಕೂ ಅದ್ಭುತ. ತೊಂದರೆ ಹಾಡಿನದು: ಪದಗಳು ಕೇಳಿಸದಿದ್ದರೆ ಆಮೇಲೆ ಸರಿಪಡಿಸಲು ದಾರಿಯಿಲ್ಲ.

ಗೆದ್ದದ್ದು ನಾಲ್ಕು ಮೈಕು, ಎಲ್ಲರೂ ಒಂದೇ ಕೋಣೆಯಲ್ಲಿ. ಕಿಕ್‌ಗೆ ಒಂದು, ಡ್ರಮ್ಮಿನ ಮೇಲೆ ಒಂದು, ಗಿಟಾರ್ ಆಂಪಿಗೆ ಒಂದು, ಹಾಡಿಗೆ ಒಂದು. ಬೇಸ್ ಗಿಟಾರ್ ಮಾತ್ರ ಮೈಕಿಲ್ಲದೆ, ಡಿಐ ಬಾಕ್ಸಿನಿಂದ (ವಾದ್ಯವನ್ನು ರೆಕಾರ್ಡಿಂಗಿಗೆ ನೇರ ಜೋಡಿಸುವ ಪೆಟ್ಟಿಗೆ) ನೇರ. ಆಂಪಿನ ಮೈಕು ಜಾಲರಿಯಿಂದ 2 ಇಂಚು ದೂರ, ಸ್ಪೀಕರಿನ ನಡುಮಧ್ಯದಿಂದ ಸ್ವಲ್ಪ ಪಕ್ಕಕ್ಕಿರಲಿ. ನಡುವಿಗೇ ಇಟ್ಟರೆ ಕಿವಿ ಚುಚ್ಚುತ್ತದೆ. ಡ್ರಮ್ಮಿಗೂ ಮೇಲಿನ ಮೈಕಿಗೂ 3 ಅಡಿ ಇದ್ದರೆ ಗಿಟಾರಿನ ಮೈಕು ಆ ಮೈಕಿನಿಂದ 9 ಅಡಿಯಾಚೆ ಇರಬೇಕು. ಹತ್ತಿರವಾದರೆ ಒಂದೇ ಪೆಟ್ಟು ಎರಡು ಮೈಕಿಗೆ ಹಿಂದುಮುಂದಾಗಿ ಬಿದ್ದು ಸ್ನೇರ್ ಟೊಳ್ಳಾಗುತ್ತದೆ. ಒಂದು ವಾದ್ಯದ ಸದ್ದು ಇನ್ನೊಂದರ ಮೈಕಿಗೆ ಸೋರುವುದು ಹೇಗೂ ಉಳಿಯುತ್ತದೆ, ಉಳಿಯಲಿ. ತಂಡ ಒಂದೇ ಜಾಗದಲ್ಲಿದೆ ಎಂದು ಕಿವಿಗೆ ಹೇಳುವುದೇ ಅದು. ರೆಕಾರ್ಡಿಂಗ್ ಲೆವೆಲ್ ಮಾತ್ರ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ. ಒರಟುತನ ಆಂಪಿನಿಂದ ಬರಬೇಕು. ಇಂಟರ್ಫೇಸಿನಲ್ಲಿ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಸದ್ದು ಮಿತಿಮೀರಿ ಒಡೆದರೆ ಬರುವುದು ಬರೀ ಕರಕರ.

ಹಾಡಿಗೂ ಒರಟು ಬೇಕೆನಿಸಿದರೆ ನ್ಯೂಯಾರ್ಕಿನ ರಾಕ್ ತಂಡ ದಿ ಸ್ಟ್ರೋಕ್ಸ್ 2001ರಲ್ಲಿ ಮಾಡಿದಂತೆ ದನಿಯನ್ನು ಪುಟ್ಟ ಪ್ರಾಕ್ಟೀಸ್ ಆಂಪಿನ ಮೂಲಕ ಹಾಯಿಸಿ.

ಕೊಡಗಿನ ಮಳೆಗಾಲದಲ್ಲಿ ಕಂಡೆನ್ಸರ್ ಮೈಕ್ (ವಿದ್ಯುತ್ ಬೇಕಾಗುವ ಸೂಕ್ಷ್ಮ ಮೈಕ್) ನಂಬಬೇಡಿ. ತೇವ ಹಿಡಿದು ಪಟಪಟ ಎನ್ನುತ್ತದೆ. ನಾಲ್ಕೂ ಗಟ್ಟಿಮುಟ್ಟಾದ ಡೈನಮಿಕ್ ಮೈಕ್ ಆಗಿರಲಿ. ಶೀಟಿನ ಮಾಡಿನ ಕೆಳಗೆ ಜೋರು ಮಳೆಯಲ್ಲಂತೂ ಯಾವ ಬಗೆಯೂ ನಡೆಯದು. ಬರಿಗೋಡೆ ಗಣಗಣ ಎಂದರೆ ಡ್ರಮ್ಮಿನ ಹಿಂದೆ ಮಾತ್ರ ಖಾಲಿ ಗೋಣಿಗಳನ್ನು ನಾಲ್ಕೈದು ಮಡಿಕೆ ಮಾಡಿ ತೂಗುಹಾಕಿ, ಉಳಿದ ಮೂರು ಗೋಡೆ ಹಾಗೇ ಬಿಡಿ. ಮಳೆ ಬಿಟ್ಟ ಮೇಲೆ, ಅರೇಬಿಕಾ ಮೂಟೆಗಳು ಒಳಗೆ ಬರುವ ಮುನ್ನ ಮುಗಿಸಿಕೊಳ್ಳಿ. ಗೋಡೌನು ತುಂಬಿದ ಮೇಲೆ ಡ್ರಮ್ ಇಡಲು ಜಾಗವಿರುವುದಿಲ್ಲ.